ಬಿಸಿಯಾದರೆ ನಿಲ್ಲುವ, ತಣಿದರೆ ಓಡುವ ಪದ್ಮಿನಿ: ಕಾಯಿಲೆ ಹಿಡಿಯುವ ಬಗೆ

ಮೊದಲು ದೂರು ಏನೆಂದು ಸರಿಯಾಗಿ ಬರೆದುಕೊಳ್ಳೋಣ. ಬೆಳಿಗ್ಗೆ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಹೈವೇಯಲ್ಲಿ 60ರ ವೇಗದಲ್ಲಿ ಎರಡು ಗಂಟೆ ಓಡಿಸಿದರೂ ತಕರಾರಿಲ್ಲ. ಘಾಟಿಯಲ್ಲಿ ಸಾಲುಗಟ್ಟಿದ ಗಾಡಿಗಳ ಹಿಂದೆ ಹತ್ತುವಾಗ, ಇಲ್ಲವೇ ಮಧ್ಯಾಹ್ನದ ಬಿಸಿಲಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಇಂಜಿನ್ ಆಫ್ ಆಗುತ್ತದೆ. ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಹೊಡೆದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ಒಮ್ಮೆಯೂ ನಿಲ್ಲುವುದಿಲ್ಲ.

ನನ್ನದು 1976ರ ಪ್ರೀಮಿಯರ್ ಪದ್ಮಿನಿ. ಅಪ್ಪ ಓಡಿಸುತ್ತಿದ್ದದ್ದು. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರು. ಮುಂಬಯಿಯ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಲ್ಲಿ ತಯಾರಾಗುತ್ತಿದ್ದ ಗಾಡಿಗೆ 1974ರಲ್ಲಿ ಪದ್ಮಿನಿ ಎಂದು ಹೊಸ ಹೆಸರು ಬಂತು. ಒಳಗಿನ ಯಂತ್ರ ಹೆಚ್ಚುಕಡಿಮೆ ಅದೇ. ಕೆಳಗೆ ಬರೆದಿರುವುದು ಇದೊಂದೇ ಗಾಡಿಗಲ್ಲ. ಕಿಡಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಪುಟ್ಟ ಸ್ವಿಚ್ಚಾದ ಪಾಯಿಂಟ್, ಅದರ ಮುಖ ಸುಡದಂತೆ ಕಾಯುವ ಕಂಡೆನ್ಸರ್, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರ್ ಇರುವ ಅಂಬಾಸಿಡರ್, ಹೆರಾಲ್ಡ್, ಜೀಪು ಎಲ್ಲಕ್ಕೂ ಇದೇ ದಾರಿ. ಮಾರಿಸ್ ಮೈನರ್‌ನಂಥ ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಅನ್ನು ಗಾಡಿಯ ಬಾಡಿಗೆ, ಅಂದರೆ ಲೋಹದ ಮೈಗೆ, ಜೋಡಿಸಿರುತ್ತಾರೆ. ಅಂಥದ್ದಾದರೆ ನಾನು ಪ್ಲಸ್ ಎಂದ ಕಡೆ ಮೈನಸ್ ಎಂದು ಓದಿಕೊಳ್ಳಿ.

ಒದ್ದೆ ಬಟ್ಟೆಯ ಮೋಸ

ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ, ಅಣ್ಣಪ್ಪ ಸ್ವಾಮಿಯ ಗುಡಿಗೆ ಕಾಣಿಕೆ ಹಾಕಿ ಹೊರಟು ಎರಡು ತಿರುವು ದಾಟಿದ್ದೆವೋ ಇಲ್ಲವೋ, ಗಾಡಿ ನಿಂತಿತು. ಹಿಂದಿನ ಸೀಟಿನಿಂದ ಅಮ್ಮ, "ನಿಮ್ಮಪ್ಪನ ಕಾಲದಲ್ಲೂ ಇಲ್ಲೇ ನಿಂತಿತ್ತು ಕಣೋ" ಅಂದರು. ಹಳೇ ಫಿಯಟ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಮದ್ದನ್ನೇ ನಾನೂ ಮಾಡಿದೆ. ಬಾನೆಟ್ ತೆಗೆದು, ಬಾಟಲಿ ನೀರಲ್ಲಿ ಬಟ್ಟೆ ನೆನೆಸಿ ಪೆಟ್ರೋಲ್ ಪಂಪಿನ ಮೇಲೆ ಹೊದಿಸಿದೆ. ಬಟ್ಟೆಯಿಂದ ಹಬೆ ಎದ್ದಿತು. ಇಪ್ಪತ್ತು ನಿಮಿಷಕ್ಕೆ ಗಾಡಿ ಹೊರಟಿತು. "ವೇಪರ್ ಲಾಕ್" ಎಂದು ಮನೆಯವರಿಗೆಲ್ಲ ಪಾಠ ಹೇಳಿದೆ: ಪೈಪಿನಲ್ಲಿ ಪೆಟ್ರೋಲ್ ಕುದಿದು ಆವಿಯಾಗುತ್ತದೆ, ಪಂಪು ಆವಿಯನ್ನು ಹಿಂಡುತ್ತದೆಯೇ ಹೊರತು ಮುಂದಕ್ಕೆ ತಳ್ಳಲಾರದು, ಹಾಗಾಗಿ ಕಾರ್ಬೊರೇಟರಿಗೆ ಪೆಟ್ರೋಲ್ ಸಿಗುವುದಿಲ್ಲ, ಇತ್ಯಾದಿ.

ಆಮೇಲೆ ಆರು ತಿಂಗಳಲ್ಲಿ ಪಂಪು ಬದಲಾಯಿತು, ಪೈಪು ಬದಲಾಯಿತು, ಪೈಪಿಗೆ ಕಲ್ನಾರಿನ ಹಗ್ಗ ಸುತ್ತಿದ್ದಾಯಿತು. ಒಬ್ಬರು ಹೇಳಿದರೆಂದು ಬಟ್ಟೆ ಒಣಗಿಸುವ ಮರದ ಕ್ಲಿಪ್ಪುಗಳನ್ನೂ ಪೈಪಿಗೆ ಸಿಕ್ಕಿಸಿದೆ. ಗಾಡಿ ಮತ್ತೆ ಮೂರು ಸಲ ನಿಂತಿತು, ಮೂರು ಸಲವೂ ಒದ್ದೆ ಬಟ್ಟೆಗೇ ಜಯ.

ಕೊನೆಗೆ ಫಿಯಟ್ ಟ್ಯಾಕ್ಸಿಗಳಲ್ಲೇ ಕೈ ಪಳಗಿಸಿದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ಕೂಡ ತೆಗೆಯಲಿಲ್ಲ.

"ಗಾಡಿ ನಿಂತಾಗ ಏನ್ ನೋಡಿದ್ರಿ ಸಾರ್?"

"ಪಂಪ್ ಮೇಲೆ ಒದ್ದೆ ಬಟ್ಟೆ ಹಾಕ್ದೆ."

"ಹಾಕಿದ್ದೇನು ಅಂತ ಕೇಳ್ಲಿಲ್ಲ. ನೋಡಿದ್ದೇನು? ಕರೆಂಟ್ ಇತ್ತಾ? ಪೆಟ್ರೋಲ್ ಇತ್ತಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರೇ ಮುಂದುವರಿಸಿದರು: "ಬಟ್ಟೆ ಹಾಕದೆ ಇಪ್ಪತ್ ನಿಮಿಷ ಸುಮ್ನೆ ಕೂತಿದ್ರೆ ಸ್ಟಾರ್ಟ್ ಆಗ್ತಿರ್ಲಿಲ್ವಾ?"

ಅಲ್ಲಿಗೆ ಮುಗಿಯಿತು. ಪಂಪು ತಣಿಯುವ ಇಪ್ಪತ್ತು ನಿಮಿಷದಲ್ಲಿ ಬಾನೆಟ್ ಕೆಳಗಿನ ಉಳಿದದ್ದೆಲ್ಲವೂ ತಣಿಯುತ್ತದೆ: ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವ ಸುರುಳಿ), ಕಂಡೆನ್ಸರ್, ವೈರು, ವಾಲ್ವು. ಬಟ್ಟೆ ಹಾಕಿದ್ದು ಪಂಪಿಗೆ, ಗುಣವಾಗಿದ್ದು ಯಾವುದೋ ಗೊತ್ತಿಲ್ಲ. ಈ ಕಾಯಿಲೆಯ ಸಾಕ್ಷ್ಯ ಸಿಗುವುದು ಗಾಡಿ ನಿಂತ ಮೊದಲ ಐದು ನಿಮಿಷದಲ್ಲಿ ಮಾತ್ರ. ಆ ಐದು ನಿಮಿಷ ಯಾವುದನ್ನೂ ತಣಿಸಬೇಡಿ, ಬದಲಾಯಿಸಬೇಡಿ, ನೋಡಿ.

ನಿಲ್ಲುವ ರೀತಿ

ಇಂಜಿನ್ ಹೇಗೆ ನಿಂತಿತು ಎಂಬುದೇ ಮೊದಲ ಸುಳಿವು. ಕೀ ತಿರುಗಿಸಿ ಆಫ್ ಮಾಡಿದಂತೆ ಕಟ್ ಆದರೆ ಕರೆಂಟಿನ ಕಡೆ ಬೆರಳು ತೋರಿಸಿ. ಜಗ್ಗಿ ಜಗ್ಗಿ, ಪಿಕಪ್ ಕಳೆದುಕೊಂಡು, ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನಷ್ಟು ಉಸಿರುಗಟ್ಟಿ ನಿಂತರೆ ಪೆಟ್ರೋಲ್ ಕಡೆ. ಕಾರ್ಬೊರೇಟರ್ ಬೌಲಿನಲ್ಲಿ ಉಳಿದ ಪೆಟ್ರೋಲ್ ಮುಗಿಯುವವರೆಗೆ ಇಂಜಿನ್ ಒದ್ದಾಡುತ್ತದೆ, ಒಮ್ಮೆಲೇ ಸಾಯುವುದಿಲ್ಲ. ಇದು ಸುಳಿವಷ್ಟೇ, ತೀರ್ಪಲ್ಲ. ಸಾಯುತ್ತಿರುವ ಕಂಡೆನ್ಸರ್ ಕೂಡ ಗಾಡಿಯನ್ನು ಜಗ್ಗಿಸುತ್ತದೆ, ಕಾರ್ಬೊರೇಟರ್ ಒಳಗೆ ಪಟಪಟ ಸದ್ದು ಮಾಡಿಸುತ್ತದೆ.

ಗಾಡಿಯನ್ನು ಎಡಕ್ಕೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಕೀ ಆನ್ ಮಾಡಿ ಡ್ಯಾಶ್‌ಬೋರ್ಡ್ ನೋಡಿ. ಚಾರ್ಜಿನ ಕೆಂಪು ದೀಪ ಹತ್ತಿತೇ? ಪೆಟ್ರೋಲ್ ಮುಳ್ಳು ಎದ್ದಿತೇ? ಎರಡೂ ಸತ್ತಿದ್ದರೆ ಕಾರ್ಬೊರೇಟರನ್ನು ಮುಟ್ಟುವ ಅಗತ್ಯವೇ ಇಲ್ಲ. ಕೀ ಸ್ವಿಚ್ಚಿನೊಳಗಿನ ಸವೆದ ತಗಡು ಬಿಸಿಯಾಗಿ ಕೈಕೊಟ್ಟಿದೆ, ಇಲ್ಲವೇ ಅದಕ್ಕೆ ಬರುವ ವೈರಿನ ತುದಿಯ ಥಿಂಬಲ್ ಸಡಿಲವಾಗಿದೆ. ಹಾರ್ನ್ ಬಾರಿಸುತ್ತಿದೆ, ಹೆಡ್‌ಲೈಟ್ ಹತ್ತುತ್ತಿದೆ ಎಂದು ಮೋಸ ಹೋಗಬೇಡಿ. ಬಹಳ ಗಾಡಿಗಳಲ್ಲಿ ಅವು ಕೀ ಸ್ವಿಚ್ಚಿನ ಮೂಲಕ ಬರುವುದೇ ಇಲ್ಲ.

ಕಿಡಿ ಇದೆಯೇ?

ಮೊದಲು ಕಿಡಿ, ಆಮೇಲೆ ಪೆಟ್ರೋಲ್. ಈ ಕ್ರಮ ತಿರುವುಮುರುವಾಗಬಾರದು. ಬಿಸಿ ಇಂಜಿನ್ ಪಕ್ಕ ಪೆಟ್ರೋಲ್ ಪೈಪು ಬಿಚ್ಚಿಟ್ಟುಕೊಂಡು ಕಿಡಿ ಹಾರಿಸಿದರೆ ಅಪ್ಪನ ಗಾಡಿ ಐದು ನಿಮಿಷದಲ್ಲಿ ಬರೀ ಕಬ್ಬಿಣವಾಗುತ್ತದೆ. ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಡಿಕ್ಕಿಯಲ್ಲಲ್ಲ, ಮುಂದಿನ ಸೀಟಿನ ಕೆಳಗಿರಲಿ.

ಡಿಕ್ಕಿಯಲ್ಲಿ ಒಂದು ಹಳೇ ಸ್ಪಾರ್ಕ್ ಪ್ಲಗ್ ಇಟ್ಟುಕೊಳ್ಳಿ, ಗ್ಯಾಪ್ ಸುಮಾರು 0.6 ಮಿ.ಮೀ. ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಲ್ಲಿ ಪ್ಲಗ್ಗುಗಳಿಗೆ ಹಂಚುವ ಡಬ್ಬಿ) ಕ್ಯಾಪಿನ ನಡುವಿನಿಂದ ಕಾಯಿಲ್ಲಿನ ದಪ್ಪ ವೈರು ಎಳೆದು ಅದಕ್ಕೆ ಈ ಪ್ಲಗ್ ಸಿಕ್ಕಿಸಿ. ಪ್ಲಗ್ಗಿನ ಲೋಹದ ಭಾಗವನ್ನು ಜಂಪ್ ವೈರಿನಿಂದ ಇಂಜಿನ್ನಿಗೆ ಕ್ಲಿಪ್ ಮಾಡಿ. ಕೈಯಲ್ಲಿ ಹಿಡಿಯಬೇಡಿ, ಹಿಡಿದವರು ಎರಡನೇ ಸಲ ಹಿಡಿಯುವುದಿಲ್ಲ. ಯಾರಾದರೂ ಸೆಲ್ಫ್ ಹೊಡೆಯಲಿ, ನೀವು ಪ್ಲಗ್ಗಿನ ಮೇಲೆ ಅಂಗೈ ನೆರಳು ಹಿಡಿದು ನೋಡಿ. ಹಗಲಲ್ಲೂ ಕಾಣುವ ನೀಲಿ ಕಿಡಿ, ಚಟ್ ಚಟ್ ಸದ್ದು ಇದ್ದರೆ ಕಾಯಿಲ್ಲಿನವರೆಗೆ ಎಲ್ಲ ಸರಿ. ಇದೇ ಪರೀಕ್ಷೆಯನ್ನು ಪ್ಲಗ್ಗಿಗೆ ಹೋಗುವ ಒಂದು ವೈರಿನ ತುದಿಯಲ್ಲೂ ಮಾಡಿ. ಅಲ್ಲಿ ಕಿಡಿ ಇಲ್ಲದಿದ್ದರೆ ರೋಟರ್ ಅಥವಾ ಕ್ಯಾಪು ಸೀಳಿದೆ. ಅಲ್ಲೂ ಇದ್ದರೆ ಪೆಟ್ರೋಲ್ ಕಡೆ ಹೋಗಿ. ಸಣ್ಣ, ಕೆಂಪು ಕಿಡಿ ಸಿಕ್ಕರೆ ಅದನ್ನು "ಇದೆ" ಎಂದು ಬರೆದುಕೊಳ್ಳಬೇಡಿ. ಬಯಲ ಗಾಳಿಯಲ್ಲಿ ಹಾರುವ ಬಡಕಲು ಕಿಡಿ ಸಿಲಿಂಡರ್ ಒಳಗಿನ ಒತ್ತಡದಲ್ಲಿ ಹಾರುವುದಿಲ್ಲ.

ಕಿಡಿ ಇಲ್ಲ ಎಂದಿಟ್ಟುಕೊಳ್ಳಿ. ಈಗ ಬೇಕಾಗುವುದು ನೂರು ರೂಪಾಯಿ ಆಸುಪಾಸಿನ ಟೆಸ್ಟ್ ಲ್ಯಾಂಪ್: ಒಂದು 12 ವೋಲ್ಟ್ ಬಲ್ಬು, ಎರಡು ವೈರು. ಒಂದು ತುದಿ ಬಾಡಿಗೆ, ಇನ್ನೊಂದು ಕಾಯಿಲ್ಲಿನ ಪ್ಲಸ್‌ಗೆ. ಕೀ ಆನ್ ಇದ್ದಾಗ ಹತ್ತಬೇಕು. ಹತ್ತದಿದ್ದರೆ ಬ್ಯಾಟರಿಯ ಪ್ಲಸ್‌ನಿಂದ ಕಾಯಿಲ್ಲಿನ ಪ್ಲಸ್‌ಗೆ ಜಂಪ್ ವೈರ್ ಹಾಕಿ ಸೆಲ್ಫ್ ಹೊಡೆಯಿರಿ. ಗಾಡಿ ಹೊರಟಿತೆಂದರೆ ಕಾಯಿಲೆ ಕೀ ಸ್ವಿಚ್ಚಿನದು ಅಥವಾ ದಾರಿಯ ವೈರಿನದು. ಹಾಗೆ ಮನೆ ಸೇರಬಹುದು, ಆದರೆ ಆಫ್ ಮಾಡಲು ಆ ವೈರನ್ನೇ ಕೀಳಬೇಕು.

ಪ್ಲಸ್‌ನಲ್ಲಿ ದೀಪ ಹತ್ತಿದರೆ ಮೈನಸ್‌ಗೆ ಬನ್ನಿ, ಅಂದರೆ ಡಿಸ್ಟ್ರಿಬ್ಯೂಟರಿಗೆ ಸಣ್ಣ ವೈರು ಹೋಗುವ ಕಡೆಗೆ. ಇಲ್ಲಿ ಸೆಲ್ಫ್ ಹೊಡೆಸುತ್ತಾ ನೋಡಬೇಕು. ದೀಪ ಮಿನುಗಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ, ಅದರ ಕೆಲಸ ಅದು ಮಾಡುತ್ತಿದೆ. ಹಾಗಿದ್ದೂ ಕಿಡಿ ಇಲ್ಲವೆಂದರೆ ಕಾಯಿಲ್ ಅಥವಾ ಕಂಡೆನ್ಸರ್ ಕಳ್ಳ. ದೀಪ ಮಿನುಗದೆ ಹತ್ತಿಕೊಂಡೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಅಥವಾ ಮುಚ್ಚಿದರೂ ಕರೆಂಟ್ ಬಾಡಿಗೆ ಇಳಿಯುತ್ತಿಲ್ಲ. ಇಲ್ಲಿ ಒಂದು ಹಳೇ ಗುಟ್ಟಿದೆ. ಡಿಸ್ಟ್ರಿಬ್ಯೂಟರ್ ಒಳಗಿನ ಗೇಣುದ್ದವೂ ಇಲ್ಲದ ಮೆತ್ತನೆ ವೈರು, ಪ್ಲೇಟು ಅತ್ತಿತ್ತ ಜರುಗಿದಂತೆಲ್ಲ ಬಾಗಿ ಬಾಗಿ ಒಳಗೆ ತಂತಿ ತುಂಡಾಗಿರುತ್ತದೆ, ಹೊರಗಿನ ರಬ್ಬರು ಮಾತ್ರ ಇಡಿಯಾಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೆಲ್ಲಗೆ ಎಳೆದರೆ ಮಾಮೂಲಿ ವೈರಿನಂತೆ ಗಟ್ಟಿಯಾಗಿರದೆ ರಬ್ಬರ್ ಬ್ಯಾಂಡಿನಂತೆ ಉದ್ದವಾಗುತ್ತದೆ.

ಇನ್ನು ಮೈನಸ್‌ನಲ್ಲಿ ದೀಪ ಹತ್ತುವುದೇ ಇಲ್ಲವೇ? ಕಾಯಿಲ್ಲಿನ ಮೈನಸ್‌ನಿಂದ ಆ ಸಣ್ಣ ವೈರನ್ನು ಬಿಚ್ಚಿ ಮತ್ತೆ ನೋಡಿ. ಈಗ ಹತ್ತಿದರೆ ಕಾಯಿಲ್ ಮೂಲಕ ಕರೆಂಟ್ ಹರಿಯುತ್ತಿದೆ, ಡಿಸ್ಟ್ರಿಬ್ಯೂಟರ್ ಒಳಗೆ ಎಲ್ಲೋ ಶಾರ್ಟ್ ಆಗಿದೆ, ಕಂಡೆನ್ಸರ್ ಆಗಿರಲೂಬಹುದು. ಈಗಲೂ ಹತ್ತದಿದ್ದರೆ ಕಾಯಿಲ್ಲಿನ ಒಳಸುರುಳಿಯೇ ಕಿತ್ತಿದೆ.

ಕಾಯಿಲ್ಲೋ ಕಂಡೆನ್ಸರೋ ಎಂದು ರಸ್ತೆ ಬದಿಯಲ್ಲೇ ತಿಳಿಯಬೇಕಾದರೆ ಹಳೇ ಕಂಡೆನ್ಸರಿನ ವೈರು ಬಿಡಿಸಿ, ಬೇರೊಂದು ಕಂಡೆನ್ಸರನ್ನು ಹೊರಗಿನಿಂದಲೇ ತೂಗುಹಾಕಿ: ಅದರ ವೈರು ಕಾಯಿಲ್ಲಿನ ಮೈನಸ್‌ಗೆ, ಮೈ ಬಾಡಿಗೆ. ಕಿಡಿ ಮರಳಿದರೆ ತೀರ್ಮಾನವಾಯಿತು. ಇದಕ್ಕಾಗಿ ಡಿಸ್ಟ್ರಿಬ್ಯೂಟರ್ ಬಿಚ್ಚುವ ಗೋಜಿಲ್ಲ. ಒಂದು ಎಚ್ಚರಿಕೆ ಮಾತ್ರ. ಇತ್ತೀಚೆಗೆ ಸಿಗುವ ಹೊಸ ಕಂಡೆನ್ಸರುಗಳು ಡಬ್ಬಿಯಿಂದ ತೆಗೆದಾಗಲೇ ಸತ್ತಿರುವುದುಂಟು. ಗುಜರಿಯಲ್ಲಿ ಸಿಕ್ಕ ಹಳೇ ಕಾಲದ್ದು ಓಡಿದಷ್ಟು ನನ್ನಲ್ಲಿ ಹೊಸದು ಓಡಿಲ್ಲ. ಮಲ್ಟಿಮೀಟರಿನಲ್ಲಿ ಅಳೆದು 0.2ರಿಂದ 0.25 ಮೈಕ್ರೊಫ್ಯಾರಡ್ ಆಸುಪಾಸು ಇರುವುದನ್ನೇ ಡಿಕ್ಕಿಗೆ ಹಾಕಿಕೊಳ್ಳಿ.

ಪೆಟ್ರೋಲ್ ಬರುತ್ತಿದೆಯೇ?

ಕಿಡಿ ಗಟ್ಟಿಯಾಗಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಏರ್ ಕ್ಲೀನರ್ ತೆಗೆದು, ಇಂಜಿನ್ ಆಫ್ ಇಟ್ಟು, ಕಾರ್ಬೊರೇಟರಿನ ಗಂಟಲೊಳಗೆ ನೋಡುತ್ತಾ ಆಕ್ಸಿಲರೇಟರ್ ಲಿವರನ್ನು ಕೈಯಲ್ಲಿ ಒಮ್ಮೆ ಎಳೆಯಿರಿ. ಆಕ್ಸಿಲರೇಟರ್ ಪಂಪ್ ಇರುವ ಕಾರ್ಬೊರೇಟರಾದರೆ ಸಣ್ಣ ಪಿಚಕಾರಿಯಂತೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಬೌಲಿನಲ್ಲಿ ಪೆಟ್ರೋಲ್ ಇದೆ, ವೇಪರ್ ಲಾಕ್ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಅಂಬಾಸಿಡರಿನ ಎಸ್‌ಯು ಕಾರ್ಬೊರೇಟರಿಗೆ ಈ ಪಿಚಕಾರಿ ಇಲ್ಲ. ಅದರಲ್ಲಿ ಮುಂದಿನ ಪರೀಕ್ಷೆಗೇ ಹೋಗಬೇಕು.

ಚಿಮ್ಮದಿದ್ದರೆ ಹತ್ತು ನಿಮಿಷ ಬಿಟ್ಟು, ಕಾಯಿಲ್ಲಿನ ಪ್ಲಸ್ ವೈರು ಬಿಚ್ಚಿಟ್ಟು, ಕಾರ್ಬೊರೇಟರಿಗೆ ಬರುವ ಪೈಪನ್ನು ತೆಗೆದು ಪೆಟ್ರೋಲಿಗೆ ಕರಗದ ಪಾರದರ್ಶಕ ಬಾಟಲಿಯೊಳಗೆ ಬಿಡಿ. ತಣಿಸಬೇಡಿ ಎಂದ ನಾನೇ ಹತ್ತು ನಿಮಿಷ ಬಿಡಿ ಎನ್ನುವುದು ಸುರಕ್ಷತೆಗಾಗಿ. ಸುಡುವ ಸೈಲೆನ್ಸರ್ ಕೊಳವೆಯ ಮೇಲೆ ಪೆಟ್ರೋಲ್ ಚೆಲ್ಲಬಾರದು. ಸೆಲ್ಫ್ ಹೊಡೆದಾಗ ಪಂಪಿನ ಪ್ರತಿ ಬಡಿತಕ್ಕೂ ಒಂದೊಂದು ಗುಟುಕು ಬೀಳಬೇಕು. ಈ ಪಂಪುಗಳ ಒತ್ತಡ 2ರಿಂದ 3 ಪಿಎಸ್ಐ ಅಷ್ಟೇ, ಹಾಗಾಗಿ ಧಾರೆ ಬೇಡ, ಲಯ ಬೇಕು. ಗುಟುಕಿನ ಮಧ್ಯೆ ಗುಳ್ಳೆ ಬುಡುಬುಡು ಎಂದರೆ ಎರಡು ಸಾಧ್ಯತೆ. ಒಂದು, ನಿಜವಾದ ಆವಿ. ಎರಡು, ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪು ಬಿರುಕು ಬಿಟ್ಟು ಗಾಳಿ ಎಳೆದುಕೊಳ್ಳುತ್ತಿರುವುದು. ಎರಡನೆಯದನ್ನು ಜನ ಮರೆಯುತ್ತಾರೆ, ಏಕೆಂದರೆ ಅಲ್ಲಿ ಪೆಟ್ರೋಲ್ ಸೋರುವುದಿಲ್ಲ, ಕೆಳಗೆ ಒದ್ದೆ ಕಾಣುವುದಿಲ್ಲ. ಪಂಪು ಹೀರುವಾಗ ಬಿರುಕು ಬಾಯಿ ತೆರೆದು ಗಾಳಿ ಕುಡಿಯುತ್ತದೆ, ಹೀರದಿದ್ದಾಗ ಮುಚ್ಚಿಕೊಳ್ಳುತ್ತದೆ. ತಣ್ಣಗಿನ ಇಂಜಿನ್ನಿನಲ್ಲೂ ಗುಳ್ಳೆ ಬಂದರೆ ಆವಿಯಲ್ಲ, ಗಾಳಿ.

ಏನೂ ಬೀಳದಿದ್ದರೆ ಟ್ಯಾಂಕಿನ ಮುಚ್ಚಳ ತಿರುಗಿಸಿ ಕಿವಿಗೊಡಿ. "ಸ್ಸ್" ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಟ್ಯಾಂಕು ಖಾಲಿಯಾದಂತೆ ಒಳಗೆ ನಿರ್ವಾತವಾಗಿ ಪಂಪು ಎಳೆದರೂ ಪೆಟ್ರೋಲ್ ಬರುವುದಿಲ್ಲ. ನಿಂತು ಸ್ವಲ್ಪ ಹೊತ್ತಾದರೆ ಗಾಳಿ ಹೇಗೋ ನುಸುಳಿ ಸರಿಹೋಗುತ್ತದೆ. ಇದಕ್ಕೂ ಇಪ್ಪತ್ತು ನಿಮಿಷದ ಲೆಕ್ಕ ಸರಿಹೊಂದುತ್ತದೆ ನೋಡಿ! ಬಣ್ಣ ಹೊಡೆಸಿದ ಮೇಲೆ ಅಥವಾ ಯಾವುದೋ ಗಾಡಿಯ ಮುಚ್ಚಳ ತಂದು ಹಾಕಿದ ಮೇಲೆ ಶುರುವಾದ ಕಾಯಿಲೆಯಾದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಎಥನಾಲ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. 1976ರ ಗಾಡಿಯ ರಬ್ಬರನ್ನು ಅದಕ್ಕಾಗಿ ಮಾಡಿರಲಿಲ್ಲ. ಪಂಪಿನ ಡಯಾಫ್ರಮ್ ಉಬ್ಬಿ ಮೆತ್ತಗಾಗುತ್ತದೆ, ಪೈಪು ಒಳಗಿನಿಂದ ಪುಡಿಯಾಗಿ ಕರಿ ಹುಡಿ ಫಿಲ್ಟರಿಗೆ ಬರುತ್ತದೆ, ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ಸೇರಿ ಬೌಲಿನ ತಳದಲ್ಲಿ ಕೂರುತ್ತದೆ. ಪೈಪು ಕೊಳ್ಳುವಾಗ ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚು ಹಾಕಿರುವುದನ್ನು ಕೇಳಿ. ಇಷ್ಟೆಲ್ಲ ನಿಜ. ಆದರೆ ಗಾಡಿ ನಿಂತಾಗಲೆಲ್ಲ ಎಥನಾಲ್ ಮೇಲೆ ಗೂಬೆ ಕೂರಿಸುವ ಹೊಸ ಚಾಳಿಯೂ ಒದ್ದೆ ಬಟ್ಟೆಯ ತಮ್ಮನೇ.

ಕಿಡಿ, ಪೆಟ್ರೋಲ್ ಎರಡೂ ಇದ್ದು ಸ್ಟಾರ್ಟ್ ಆಗದಿದ್ದರೆ ಟ್ಯಾಪೆಟ್, ಅಂದರೆ ವಾಲ್ವಿನ ಮೇಲೆ ಬಿಡುವ ಸಣ್ಣ ಸಂದು, ನೋಡಬೇಕು. ಟ್ಯಾಪೆಟ್ ಬಿಗಿ ಇಟ್ಟಿದ್ದರೆ ಬಿಸಿಗೆ ವಾಲ್ವು ಉದ್ದವಾಗಿ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಸೆಲ್ಫಿನ ಸದ್ದಿನಲ್ಲೇ ಗೊತ್ತಾಗುತ್ತದೆ: ಬೆಳಿಗ್ಗೆ "ಉಂ-ಉಂ-ಉಂ" ಎಂದು ಭಾರವಾಗಿ ತಿರುಗುವ ಇಂಜಿನ್ ಆಗ "ಉಂಯ್ಯ್" ಎಂದು ಹಗುರವಾಗಿ ಸುತ್ತುತ್ತದೆ. ನಿಮ್ಮ ಗಾಡಿಯ ಕೈಪಿಡಿ ಹೇಳಿದ ಅಳತೆಗೆ ಫೀಲರ್ ಗೇಜಿನಲ್ಲಿ ಸರಿಮಾಡಿದರೆ ಮುಗಿಯಿತು.

ನನ್ನ ಗಾಡಿಯಲ್ಲಿ ಸಿಕ್ಕಿದ್ದು

ಮೆಕ್ಯಾನಿಕ್ ಹೇಳಿದ ಮೇಲೆ ಘಾಟಿಗೆ ಹೋಗುವವರೆಗೆ ಕಾಯಲಿಲ್ಲ. ಏಪ್ರಿಲ್ ಮಧ್ಯಾಹ್ನ ಮನೆ ಮುಂದೆ ಬಾನೆಟ್ ಮುಚ್ಚಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಟ್ಟು, ಇಂಜಿನ್ನನ್ನು ಐಡಲಿನಲ್ಲಿ ಬಿಟ್ಟೆ. ನಲವತ್ತು ನಿಮಿಷಕ್ಕೆ ನಿಂತಿತು, ಕೀ ತಿರುಗಿಸಿದಂತೆ. ರೇಡಿಯೇಟರ್ ಕುದಿದಿರಲಿಲ್ಲ. ಗಂಟಲೊಳಗೆ ನೋಡಿದರೆ ಪೆಟ್ರೋಲ್ ಚಿಮ್ಮಿತು. ಆರು ತಿಂಗಳ ನನ್ನ ವಾದ ಆ ಒಂದು ಪಿಚಕಾರಿಗೆ ಕೊಚ್ಚಿಹೋಯಿತು. ಏರ್ ಕ್ಲೀನರ್ ಮತ್ತೆ ಮುಚ್ಚಿ, ವಾಸನೆ ಹೋಗಲು ಬಿಟ್ಟು, ಕಿಡಿ ನೋಡಿದೆ. ಇಲ್ಲ. (ನನ್ನ ಆತುರ ನೋಡಿ, ಮೊದಲು ಕಿಡಿ ಎಂದು ಬರೆಯುವ ನಾನೇ ಪೆಟ್ರೋಲ್ ಮೊದಲು ನೋಡಿದ್ದೆ.) ಪ್ಲಸ್‌ನಲ್ಲಿ ದೀಪ ಹತ್ತಿತು, ಮೈನಸ್‌ನಲ್ಲಿ ಮಿನುಗಿತು. ಹೊರಗಿನಿಂದ ಕಂಡೆನ್ಸರ್ ತೂಗುಹಾಕಿದೆ, ಬದಲಾವಣೆ ಇಲ್ಲ. ಕಾಯಿಲ್ ಮುಟ್ಟಲು ಹೋಗಿ ಕೈ ಹಿಂದೆಳೆದುಕೊಂಡೆ. ಕಾಯಿಲ್ ಬಿಸಿಯಾಗುವುದು ಸಹಜ, ಆದರೆ ಕಾದ ಹಂಚಿನ ಹಾಗೆ ಆಗಬಾರದು.

ಸತ್ತ ಕಾಯಿಲ್ ಎಂದು ಅದನ್ನೇ ಎಸೆದು ಅಂಥದ್ದೇ ಇನ್ನೊಂದು ತಂದಿದ್ದರೆ ವರ್ಷದೊಳಗೆ ಮತ್ತೆ ಚಾರ್ಮಾಡಿಯಲ್ಲಿ ನಿಲ್ಲುತ್ತಿದ್ದೆ. ಪುಣ್ಯಕ್ಕೆ ತಣಿದ ಮೇಲೆ ಮೀಟರ್ ಹಿಡಿದೆ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ 0.3 ಓಮ್, ಅದು ಕಡ್ಡಿಯ ವೈರಿನದೇ. ಕಾಯಿಲ್ಲಿನ ಪ್ಲಸ್-ಮೈನಸ್ ನಡುವೆ 1.8. ಕಳೆದರೆ 1.5 ಓಮ್. ಪದ್ಮಿನಿಯಂಥ, ನೇರ 12 ವೋಲ್ಟ್ ಕೊಡುವ ಗಾಡಿಯ ಕಾಯಿಲ್ 3 ಓಮ್ ಆಸುಪಾಸು ಇರಬೇಕು. 1.5 ಓಮ್‌ನದು ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಎಂಬ ಇನ್ನೊಂದು ತುಂಡಿನ ಜೊತೆ ಸೇರಿಸಿ ಹಾಕುವ ಕಾಯಿಲ್. ಆ ತುಂಡು ನನ್ನ ಗಾಡಿಯಲ್ಲಿ ಇಲ್ಲ, ಇರಬೇಕಾದ್ದೂ ಅಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಕಾಯಿಲ್ಲಿನ ಮೈ ಒರೆಸಿದಾಗ, ಕ್ಲ್ಯಾಂಪಿನ ಕೆಳಗೆ ಅಡಗಿದ್ದ ಸಾಲು ಕಂಡಿತು: ರೆಸಿಸ್ಟರ್ ಜೊತೆಗೇ ಬಳಸಿ ಎಂದು. ಎರಡು ವರ್ಷದ ಹಿಂದೆ "ಎಲ್ಲ 12 ವೋಲ್ಟ್ ಗಾಡಿಗೂ ಆಗುತ್ತೆ" ಎಂದು ಅಂಗಡಿಯಲ್ಲಿ ಕೊಟ್ಟದ್ದು. ನಾನೂ ಓದದೆ ತಂದದ್ದು.

ಲೆಕ್ಕ ಸರಳ. 12 ವೋಲ್ಟ್, 3 ಓಮ್ ಎಂದರೆ 4 ಆಂಪಿಯರ್. 1.5 ಓಮ್ ಎಂದರೆ 8. ಪಾಯಿಂಟ್ ಮುಚ್ಚಿದ್ದಷ್ಟು ಹೊತ್ತು ಎರಡು ಪಟ್ಟು ಕರೆಂಟ್, ಎರಡು ಪಟ್ಟು ಶಾಖ. ಹೈವೇಯಲ್ಲಿ ಇಂಜಿನ್ ವೇಗವಾಗಿ ತಿರುಗುವಾಗ ಪಾಯಿಂಟ್ ಒಂದೊಂದು ಸಲ ಮುಚ್ಚಿರುವ ಹೊತ್ತು ತೀರಾ ಕಡಿಮೆ. ಕರೆಂಟ್ ಪೂರ್ತಿ ಏರುವ ಮೊದಲೇ ಅದು ತೆರೆದುಕೊಳ್ಳುತ್ತದೆ, ಮೇಲಿಂದ ಗಾಳಿ ಬೇರೆ ಬೀಸುತ್ತದೆ. ಐಡಲಿನಲ್ಲಿ, ತೆವಳುವಾಗ ಕರೆಂಟ್ ಪೂರ್ತಿ ಏರಿ ಕೂರುತ್ತದೆ, ಗಾಳಿಯೂ ಇಲ್ಲ. ಘಾಟಿ, ಸಿಗ್ನಲ್, ಮಧ್ಯಾಹ್ನ ಎಂಬ ನನ್ನ ದೂರಿನ ಪಟ್ಟಿ ವೇಪರ್ ಲಾಕ್‌ಗೆ ಎಷ್ಟು ಹೊಂದುತ್ತಿತ್ತೋ ಇದಕ್ಕೂ ಅಷ್ಟೇ ಹೊಂದುತ್ತಿತ್ತು.

ನಾಚಿಕೆಯ ವಿಷಯ ಇನ್ನೊಂದಿದೆ. ಆ ಎರಡು ವರ್ಷದಲ್ಲಿ ನಾಲ್ಕು ಸಲ ಪಾಯಿಂಟ್ ಬದಲಾಯಿಸಿದ್ದೆ. ಪ್ರತಿ ಸಲವೂ ಮುಖ ನೀಲಿಗಟ್ಟಿ ಸುಟ್ಟಿರುತ್ತಿತ್ತು. "ಈಗಿನ ಮಾಲೇ ಹಾಗೆ" ಎಂದು ಗೊಣಗಿ ಹೊಸದು ಹಾಕಿ 0.45 ಮಿ.ಮೀ. ಗ್ಯಾಪ್ ಇಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಸುಟ್ಟ ಪಾಯಿಂಟ್ ಎರಡು ವರ್ಷದಿಂದ ಕರೆಂಟ್ ಜಾಸ್ತಿ ಬರುತ್ತಿದೆ ಎಂದೇ ಹೇಳುತ್ತಿತ್ತು. ಬಿಚ್ಚಿದ ಪಾಯಿಂಟನ್ನು ಎಸೆಯುವ ಮುನ್ನ ಭೂತಗನ್ನಡಿಯಲ್ಲಿ ನೋಡಿ. ಒಂದು ಕಡೆ ಗುಳಿ, ಎದುರು ಕಡೆ ಗುಬ್ಬಿ ಎದ್ದಿದ್ದರೆ ಕಂಡೆನ್ಸರಿನ ಅಳತೆ ಸರಿಯಿಲ್ಲ. ಇಡೀ ಮುಖ ನೀಲಿ-ಕಪ್ಪಾಗಿದ್ದರೆ ಕರೆಂಟ್ ಜಾಸ್ತಿ, ಇಲ್ಲವೇ ಎಣ್ಣೆ ಹತ್ತಿದೆ.

3 ಓಮ್‌ನ ಕಾಯಿಲ್ ಹಾಕಿದೆ, ಹೊಸ ಪಾಯಿಂಟ್ ಹಾಕಿದೆ, ಅದೇ ಬಿಸಿಲಲ್ಲಿ ಒಂದೂವರೆ ಗಂಟೆ ಐಡಲಿನಲ್ಲಿ ಬಿಟ್ಟೆ. ನಿಲ್ಲಲಿಲ್ಲ. ಅಷ್ಟಕ್ಕೇ ನಂಬದೆ ಹಳೇ ಕಾಯಿಲ್ಲನ್ನು ಮತ್ತೆ ಸಿಕ್ಕಿಸಿ, ಹೆಂಡತಿಯ ಹೇರ್ ಡ್ರೈಯರ್ ತಂದು ಅದೊಂದಕ್ಕೇ ಬಿಸಿಗಾಳಿ ಕೊಟ್ಟೆ. ಹತ್ತು ನಿಮಿಷದಲ್ಲಿ ಕಟ್. ಕಾಯಿಲೆ ಹೋಯಿತು ಎನ್ನುವುದಷ್ಟೇ ಅಲ್ಲ, ಬೇಕೆಂದಾಗ ಕರೆಸಲೂ ಆಗಬೇಕು. ಆಗ ರೋಗ ಹಿಡಿದೆವೆನ್ನಬಹುದು. ಡ್ರೈಯರಿನ ಬಾಯಿ ಸ್ವಲ್ಪ ಕರಗಿತು. ಆ ಲೆಕ್ಕ ಮನೆಯಲ್ಲಿ ಇನ್ನೂ ಚುಕ್ತಾ ಆಗಿಲ್ಲ.

ಉಳಿದುಕೊಂಡ ಸಣ್ಣ ತಕರಾರು

ಓಡುವಾಗ ನಿಲ್ಲುವುದು ನಿಂತಿತು. ಆದರೆ ಬಿಸಿ ಗಾಡಿಯನ್ನು ಕಾಫಿಗೆಂದು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊಡೆದರೆ ಒಂದೇ ಸಲಕ್ಕೆ ಹತ್ತುತ್ತಿರಲಿಲ್ಲ. ಇದು ಬೇರೆಯೇ ಕಾಯಿಲೆ, ಇದರಲ್ಲಿ ಪೆಟ್ರೋಲ್ ನಿಜವಾಗಿಯೂ ಅಪರಾಧಿ. ಇಂಜಿನ್ ನಿಂತ ಮೇಲೆ ಫ್ಯಾನೂ ಇಲ್ಲ, ನೀರೂ ತಿರುಗುವುದಿಲ್ಲ, ಕೆಳಗಿನ ಶಾಖವೆಲ್ಲ ಕಾರ್ಬೊರೇಟರಿಗೆ ಏರಿ ಬೌಲಿನ ಪೆಟ್ರೋಲ್ ಕುದಿದು ಇಂಜಿನ್ ಒಳಗೆ ಆವಿ ತುಂಬುತ್ತದೆ. ಮಿಶ್ರಣ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ ಹತ್ತುವುದಿಲ್ಲ. ಆಗ ಚೋಕ್ ಎಳೆಯುವುದು, ಆಕ್ಸಿಲರೇಟರನ್ನು ಪದೇಪದೇ ಒತ್ತುವುದು ಎರಡೂ ತಪ್ಪು. ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ಒತ್ತಿ ಹಾಗೇ ಹಿಡಿದು ಸೆಲ್ಫ್ ಹೊಡೆಯಿರಿ. ಐದಾರು ಸುತ್ತಿಗೆ ಆವಿ ಹೊರಗೆ ಹೋಗಿ ಹತ್ತಿಕೊಳ್ಳುತ್ತದೆ. ಕಾರ್ಬೊರೇಟರ್ ಕೆಳಗೆ ಶಾಖ ತಡೆಯುವ ಬೇಕಲೈಟ್ ತುಂಡು ಇದೆಯೇ, ಹಿಂದಿನವರು ಯಾರಾದರೂ ಕಿತ್ತು ಬರೀ ಪ್ಯಾಕಿಂಗ್ ಹಾಕಿದ್ದಾರೆಯೇ ನೋಡಿ. ನನ್ನದರಲ್ಲಿ ಬಿರುಕು ಬಿಟ್ಟಿತ್ತು.

ಟ್ಯಾಂಕ್ ಹತ್ತಿರ ಎಲೆಕ್ಟ್ರಿಕ್ ಪಂಪ್ ಹಾಕಿಸಿ ಎಂದು ಹಲವರು ಹೇಳಿದರು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗದ ಗಾಡಿಗೆ ವಿಂಟೇಜ್ ನೋಂದಣಿ, ವಿಎ ಅಕ್ಷರದ ನಂಬರು ಸಿಗುತ್ತದೆ. ಒಂದು ಪಂಪಿನಿಂದ ಅದು ಕೈತಪ್ಪುತ್ತದೆಂದಲ್ಲ. ಕಾಯಿಲೆ ಏನೆಂದು ತಿಳಿಯದೆ ಅಪ್ಪನ ಗಾಡಿಯ ತಗಡಿಗೆ ಹೊಸ ತೂತು ಕೊರೆಯಲು ನನಗೆ ಮನಸ್ಸಾಗಲಿಲ್ಲ. ತಿಳಿದ ಮೇಲೆ ಅಗತ್ಯವೇ ಬೀಳಲಿಲ್ಲ.

ಮಳೆಗಾಲ ಮುಗಿದ ಮೇಲೆ, ಬೇಕೆಂದೇ ಮಧ್ಯಾಹ್ನದ ಹೊತ್ತಿಗೆ ಉಜಿರೆಯಿಂದ ಹೊರಟು ಚಾರ್ಮಾಡಿ ಹತ್ತಿದೆವು. ಪೈಪಿನ ಮೇಲಿನ ಬಟ್ಟೆ ಕ್ಲಿಪ್ಪುಗಳನ್ನು ಅಮ್ಮ ಅದಾಗಲೇ ವಾಪಸ್ ಇಸಿದುಕೊಂಡಿದ್ದರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಂದು, ಅರ್ಧ ಆಕ್ಸಿಲರೇಟರ್ ಒತ್ತಿ ಹಿಡಿದೆ, ಎರಡನೇ ಸುತ್ತಿಗೆ ಹತ್ತಿಕೊಂಡಿತು. ಡಿಕ್ಕಿಯ ಡಬ್ಬದಲ್ಲಿ ಈಗ ಟೆಸ್ಟ್ ಲ್ಯಾಂಪ್, ಜಂಪ್ ವೈರು, ಹಳೇ ಪ್ಲಗ್, ಅಳೆದ ಕಂಡೆನ್ಸರ್ ಇವೆ. ಜೊತೆಗೆ ಆ ಕಾಯಿಲ್ಲೂ ಇದೆ, ಮೈಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದೇನೆ: 1.5, ಈ ಗಾಡಿಗೆ ಹಾಕಬೇಡಿ.